ಅರ್ಧದ ಅರ್ಧ

ಮೇಷ್ಟರಿಗೆ ತಪ್ಪು ಹುಡುಕುವ ಕಣ್ಣು ಚುರುಕಾಗಿರುತ್ತದೆ. ಅದು ತನ್ನ ಕಡೆ ಮಾತ್ರ ತಿರುಗುವುದಿಲ್ಲ. ನನ್ನದಂತೂ ಹಳೇ ರೋಗ. ಒಮ್ಮೆ ತೂಕದ ಯಂತ್ರ ನನ್ನ ತೂಕ ಹೆಚ್ಚು ತೋರಿಸುತ್ತದೆಂದು ಚಿದ್ರಿ ಬಡಾವಣೆಯ ಅಂಗಡಿಗೆ ವಾಪಸು ಒಯ್ದು ಜಗಳವಾಡಿದ್ದೆ. ಅಂಗಡಿಯವನು ಯಂತ್ರವನ್ನಲ್ಲ, ನನ್ನ ಹೊಟ್ಟೆಯನ್ನು ನೋಡಿದ.

ಬೀದರಿನ ಕಾಲೇಜೊಂದರಲ್ಲಿ ನನ್ನ ಸಂಶೋಧನೆ ಸಿಂಟರಿಂಗ್ ಕುರಿತದ್ದು. ಲೋಹದ ಪುಡಿಯನ್ನು ಅಚ್ಚಿನಲ್ಲಿ ಒತ್ತಿ, ಕರಗದಂತೆ ಕಾಯಿಸಿದರೆ ಕಣಕ್ಕೆ ಕಣ ಬೆಸೆದು ಗಟ್ಟಿಯಾಗುತ್ತದೆ. ನಡುವಿನ ತೂತುಗಳು ಮುಚ್ಚುತ್ತ ಬರುತ್ತವೆ. ಸಣ್ಣ ಕಣಗಳಾದರೆ ಬೇಗ ಮುಚ್ಚುತ್ತವೆ. ಪ್ರಯೋಗಾಲಯದ ಸಹಾಯಕಿ ಸುಜಾತಾ ಸೂಕ್ಷ್ಮದರ್ಶಕದಲ್ಲಿ ಪುಡಿಯ ಫೋಟೋ ತೆಗೆದು ಕಣಗಳನ್ನು ಅಳೆಯುತ್ತಿದ್ದಳು. ಆ ಅಳತೆಯನ್ನು ನಾನು ಕಂಪ್ಯೂಟರಿಗೆ ಕೊಟ್ಟು, ಕುಲುಮೆಯೊಳಗೆ ಏನಾಗುತ್ತದೆಂದು ಲೆಕ್ಕ ಹಾಕುತ್ತಿದ್ದೆ. ಅವಳು ಭಾಲ್ಕಿ ತಾಲೂಕಿನ ಸಾಯಗಾಂವದವಳು, ಗುತ್ತಿಗೆ ನೌಕರಿ.

ನನ್ನ ಲೆಕ್ಕದಲ್ಲಿ ತೂತುಗಳೆಲ್ಲ ಮುಚ್ಚಿದ್ದವು. ಕಾಯಿಸಿದ ತುಂಡನ್ನು ನುಣ್ಣಗೆ ಉಜ್ಜಿ ಅವಳು ತೆಗೆದ ಫೋಟೋದಲ್ಲಿ ಜರಡಿಯ ಹಾಗೆ ಬಾಯಿ ತೆರೆದಿದ್ದವು.

"ಉಜ್ಜುವಾಗ ಕಣ ಕಿತ್ತಿದ್ದೀಯ. ಮತ್ತೆ ಉಜ್ಜು" ಎಂದೆ.

ಮೂರು ಸಲ ಉಜ್ಜಿದಳು. ಬೆರಳ ತುದಿಯ ಚರ್ಮ ಸುಲಿಯಿತು, ತೂತುಗಳು ಕದಲಲಿಲ್ಲ. ಅವಳ ಜಾಗಕ್ಕೆ ಬೇರೆಯವರನ್ನು ಕೊಡಿ ಎಂದು ಪ್ರಾಂಶುಪಾಲರಿಗೆ ಪತ್ರ ಬರೆದೆ. ಫೋಟೋಗಿಂತ ನನ್ನ ಲೆಕ್ಕವೇ ನಿಜವೆಂದು ನಂಬಿದ್ದೆನಲ್ಲ, ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಮರುದಿನ ಅವಳು ನನ್ನ ಕಂಪ್ಯೂಟರಿನ ಮುಂದೆ ನಿಂತಳು.

"ಸರ್, ಇಲ್ಲಿ ಕಣದ ಅಳತಿ ಅರ್ಧ ಯಾಕ ಮಾಡೀರಿ?"

"ನೀನು ಕೊಟ್ಟಿದ್ದು ವ್ಯಾಸ. ಇದಕ್ಕೆ ತ್ರಿಜ್ಯ ಬೇಕು."

"ನಾ ತ್ರಿಜ್ಯಾನೇ ಕೊಟ್ಟೇನ್ರಿ. ಹಾಳಿ ಮ್ಯಾಲ ದೊಡ್ಡದಾಗಿ ಬರ್ದೇನಿ, ನೋಡ್ರಿ."

ನೋಡಿದೆ. ದುಂಡಗೆ, ಅಡಿಗೆರೆ ಎಳೆದು ಬರೆದಿದ್ದಳು. ನಾನು ಅಂಕಿಗಳನ್ನು ಎತ್ತಿಕೊಂಡಿದ್ದೆ, ತಲೆಬರಹ ಓದಿರಲಿಲ್ಲ. ಸರಿಯಾದ ಅಳತೆ ಕೊಟ್ಟು ಲೆಕ್ಕವನ್ನು ಮತ್ತೆ ಓಡಿಸಿದಾಗ ತೂತುಗಳು ಹೆಚ್ಚು ಕಡಿಮೆ ಅವಳ ಫೋಟೋದ ಹಾಗೆಯೇ ಉಳಿದವು.

"ನಿನ್ನನ್ನು ಪರೀಕ್ಷೆ ಮಾಡುತ್ತಿದ್ದೆ" ಎಂದುಬಿಟ್ಟೆ. ಅವಳು ಸುಲಿದ ಬೆರಳುಗಳನ್ನು ಒಮ್ಮೆ ನೋಡಿಕೊಂಡಳು. ಬೈದಿದ್ದರೆ ಹಗುರಾಗುತ್ತಿತ್ತು.

ಪತ್ರ ವಾಪಸು ಪಡೆಯಲು ಓಡಿದೆ. ಅಷ್ಟರಲ್ಲಿ ಪ್ರಾಂಶುಪಾಲರು ಅವಳನ್ನೂ ಕರೆಸಿದ್ದರು. ಪತ್ರ ಮೇಜಿನ ಮೇಲೆ ಬಿಚ್ಚಿಕೊಂಡೇ ಇತ್ತು.

"ಆಖಿರ್ ಗಲತಿ ಯಾರ್ದರಿ? ತಪ್ಪು ಮಾಡ್ದವ್ರು ಯಾರು?" ಎಂದರು.

"ಕಂಪ್ಯೂಟರಿನಲ್ಲಿ ಸ್ವಲ್ಪ..." ಎಂದೆ.

"ಪಾಪ, ಅದಕ್ಕ ಯಾಕ ಬೈತೀರಿ ಸರ್?" ಎಂದಳು ಸುಜಾತಾ ಮೆಲ್ಲಗೆ. "ಅದು ಹೇಳಿದ್ದ ಮಾಡ್ಯದ."

"ನಂದೇ ತಪ್ಪು" ಎಂದೆ. ಅವಳ ಕಡೆ ತಿರುಗಿ, "ಪರೀಕ್ಷೆ ಅಂದಿದ್ದೂ ಸುಳ್ಳು" ಎಂದೆ.

"ಗೊತ್ತಿತ್ರಿ" ಎಂದಳು.

ಅವಳ ನೌಕರಿ ಉಳಿಯಿತು. ವರದಿಯಲ್ಲಿ ಅವಳ ಹೆಸರನ್ನೇ ಮೊದಲು ಹಾಕಿದೆ. ಅವಳು ಪ್ರತಿ ಪುಟ ಓದಿ, ಎರಡು ಕಡೆ ನನ್ನನ್ನು ತಿದ್ದಿ, ಸಹಿ ಮಾಡಿದಳು. ಅವಳು ತಿದ್ದಿದ ಮೇಲೆ ನಾನು ಓದದೆಯೇ ಸಹಿ ಹಾಕಿದೆ. ಇದು ಅವಳ ಮೇಲಿನ ನಂಬಿಕೆಯೇ ಹೊರತು ಸೋಮಾರಿತನವಲ್ಲ ಎಂದು ನನಗೆ ನಾನೇ ಎರಡೆರಡು ಸಲ ಹೇಳಿಕೊಳ್ಳಬೇಕಾಯಿತು.