ಹೆದರಿಕೆಗೆ ಅಳತೆ ತೆಗೆಯುವ ಕೆಲಸ

ತುಮಕೂರಲ್ಲಿ ನನ್ನದೊಂದು ವೆಲ್ಡಿಂಗ್ ಅಂಗಡಿ. ಗ್ರಿಲ್ಲು, ಗೇಟು, ಬೆಂಚು ಮಾಡ್ತೀನಿ. ಚೆಂದಕ್ಕೆ ಅಂತ ಬರೋರು ಕಡಿಮೆ. ಏನಾದರೂ ಹೆದರಿಕೆ ಹುಟ್ಟಿದಾಗಲೇ ಜನಕ್ಕೆ ನನ್ನ ನೆನಪಾಗೋದು. ಹಾಗಾಗಿ ಈ ಕೆಳಗಿನಂಥ ಪ್ರಸಂಗಗಳು ನಡೀತಾನೇ ಇರ್ತವೆ.

ಮೇಷ್ಟ್ರ ಬಾಲ್ಕನಿ

ಕುಣಿಗಲ್‌ನಲ್ಲಿ ಒಬ್ಬರು ರಿಟೈರ್ಡ್ ಮೇಷ್ಟ್ರು. ಕೋತಿಯೊಂದು ಅವರ ಕೈಯಿಂದ ಬಾಳೆಹಣ್ಣು ಕಿತ್ತುಕೊಂಡು ಹೋದಮೇಲೆ ಬಾಲ್ಕನಿಗೆ ಕಾಲಿಡೋದನ್ನೇ ಬಿಟ್ಟಿದ್ದರು. "ಕೋತಿ ಕೈ ತೂರಬಾರದು ನೋಡಪ್ಪ" ಅಂದರು. ತಳದಿಂದ ಸೂರಿನ ತನಕ ಒತ್ತೊತ್ತಾಗಿ ಸರಳು ಹಾಕಿಕೊಟ್ಟೆ.

ತಿಂಗಳಾದಮೇಲೆ ಹೋದರೆ ಮೇಷ್ಟ್ರು ಸರಳಿನ ಒಳಗೆ ಕೂತು ಪೇಪರ್ ಓದ್ತಿದ್ದಾರೆ, ಎದುರು ಕಾಂಪೌಂಡ್ ಮೇಲೆ ಕೋತಿಗಳು ಸಾಲಾಗಿ ಕೂತಿವೆ.

"ಹೆದರಿಕೆ ಹೋಯ್ತಾ ಸಾರ್?"

"ಹೋಯ್ತಪ್ಪ. ಈಗ ಅವು ಮರಿಗಳನ್ನ ಕರ್ಕೊಂಡು ಬಂದು ನನ್ನ ತೋರಿಸ್ತವೆ."

ಜಾರೋ ಬೆಂಚು

ಗುಬ್ಬಿ ಹತ್ತಿರದ ಒಂದು ಬಸ್ ಸ್ಟಾಪಲ್ಲಿ ಕುಡಿದವರು ಬಂದು ಮಲಗ್ತಿದ್ದರು. ಹೆಂಗಸರು ನಿಲ್ಲೋಕೇ ಹೆದರ್ತಾರೆ ಅಂತ ಅಲ್ಲಿನವರು, ಮಲಗಿದರೆ ಜಾರೋ ಹಾಗೆ, ನನ್ನ ಕೈಲಿ ಇಳಿಜಾರು ಬೆಂಚು ಮಾಡಿಸಿದರು. ಫಿಟ್ ಮಾಡಿ ಮುಗಿಸೋ ಹೊತ್ತಿಗೆ, ಚೇಳೂರು ಬಸ್ಸಿಗೆ ಕಾಯ್ತಿದ್ದ ಒಬ್ಬರು ಅಜ್ಜಿ ಬಂದು ಕೂತರು. ನಿಧಾನಕ್ಕೆ ಜಾರಿದರು. ಮೇಲೆ ಸರಿದು ಕೂತರು, ಮತ್ತೆ ಜಾರಿದರು. ಮುಖ ಬಿಳಿಚಿಕೊಂಡಿತು. ನನ್ನ ಕೈ ಗಟ್ಟಿಯಾಗಿ ಹಿಡಿದು, "ತಲೆ ಸುತ್ತುತಾ ಐತೆ ಕಣಪ್ಪ, ಭೂಮಿನೇ ವಾಲ್ತಾ ಐತೆ" ಅಂದರು.

ವಾಲಿರೋದು ಬೆಂಚು ಅಂತ ನಾನು ಹೇಳೋದರೊಳಗೆ ಯಾರೋ ಆಟೋ ಹತ್ತಿಸಿ ಆಸ್ಪತ್ರೆಗೆ ಕರ್ಕೊಂಡು ಹೋದರು. ರಾತ್ರಿಯೆಲ್ಲ ನನಗೆ ನಿದ್ದೆ ಇಲ್ಲ. ಮಾರನೇ ದಿನವೇ ಹೋಗಿ ಬೆಂಚು ಮಟ್ಟ ಮಾಡಿದೆ. ಯಾರೂ ಮಲಗದ ಹಾಗೆ ನಡುನಡುವೆ ಕೈಹಿಡಿ ಹಾಕಿದೆ.

ವಾರ ಬಿಟ್ಟು ನೋಡಿದರೆ ಅಜ್ಜಿ ಅದೇ ಬೆಂಚಲ್ಲಿ ಆರಾಮಾಗಿ ಕೂತಿದ್ದರು. "ಡಾಕ್ಟ್ರು ಕೊಟ್ಟ ಟಾನಿಕ್ಕು ಭಾಳ ಗುಣ ಕಣಪ್ಪ. ಈಗ ಒಂದ್ಚೂರೂ ಜಾರಲ್ಲ."

ಚಿಲಕ

ಇದು ತುಮಕೂರಿನದೇ. ಮಾರ್ಕೆಟ್ಟಲ್ಲಿ ಹೂವು ಮಾರೋ ಹೆಂಗಸೊಬ್ಬರು ಅಂಗಡಿಗೆ ಬಂದರು. "ಲೇಡೀಸ್ ಟಾಯ್ಲೆಟ್ಟಿಗೆ ಚಿಲಕ ನಿಲ್ಲಲ್ಲ. ಯಾರು ತಳ್ಳಿಬಿಡ್ತಾರೋ ಅಂತ ಹೆದರಿ ಬೆಳಗಿಂದ ನೀರೇ ಕುಡಿಯಲ್ಲ ನಾವು" ಅಂದರು.

ಕೇಳಿ ಸಂಕಟವಾಯಿತು. ಮಧ್ಯಾಹ್ನ ಜನ ಇಲ್ಲದಾಗ ಹೋಗಿ ದಪ್ಪನೆಯ ಕಬ್ಬಿಣದ ಚಿಲಕ ಹಾಕಿದೆ. ಗಟ್ಟಿ ಇದೆಯಾ ನೋಡೋಣ ಅಂತ ಒಳಗೆ ಹೋಗಿ ಎಳೆದೆ. ಕಚ್ಚಿಕೊಂಡಿತು. ಎಷ್ಟು ಗುದ್ದಿದರೂ ಬರಲಿಲ್ಲ. ಸುತ್ತಿಗೆ ಹೊರಗೆ, ಫೋನು ಬೈಕಲ್ಲಿ. ಅಷ್ಟರಲ್ಲಿ ಹೊರಗೆ ಹೆಂಗಸರ ಮಾತು ಕೇಳಿಸಿತು. "ಬಾಗಿಲು ತಳ್ರಮ್ಮ" ಅಂತ ಕೂಗಿದೆ.

"ಒಳಗ್ಯಾರೋ ಗಂಡಸವ್ನೆ ಕಣೇ" ಅಂದಳು ಒಬ್ಬಳು.

"ನಾನಮ್ಮ, ಚಿಲಕ ಹಾಕೋನು" ಅಂದೆ.

"ಹಾಕ್ಕೊಂಡೇ ಇರು. ಪೊಲೀಸು ಬರ್ತಾರೆ."

ಪೊಲೀಸು ಬಂದರು. ಇಬ್ಬರು ಭುಜ ಕೊಟ್ಟು ತಳ್ಳಿದರು, ಬಾಗಿಲು ಅಲ್ಲಾಡಲಿಲ್ಲ. ಸುದ್ದಿ ಕೇಳಿ ಓಡಿಬಂದ ಆ ಹೂವಿನಮ್ಮ ನಾನು ಯಾರು ಅಂತ ಹೇಳಿ, ಬಾಗಿಲ ಮೇಲಿನ ಸಂದಿಯಿಂದ ಸುತ್ತಿಗೆ ಕೊಟ್ಟರು. ಚಿಲಕ ಹೊಡೆದು, ಬೆವರಿ ತೊಪ್ಪೆಯಾಗಿ ಹೊರಗೆ ಬಂದೆ.

"ಭಯ ಆಯ್ತೇನಪ್ಪ?" ಅಂದರು ಹೂವಿನಮ್ಮ.

"ಆಯ್ತಮ್ಮ."

"ನಮಗೆ ದಿನಾ ಆಗ್ತಿತ್ತು." ಬಾಗಿಲನ್ನ ಒಂದು ಸಲ ತಟ್ಟಿ ನೋಡಿದರು. "ಉಳಿದ ಬಾಗಿಲಿಗೂ ಇಂಥದ್ದೇ ಹಾಕು. ತೆಗೆಯೋಕೂ ಬರ್ಬೇಕು, ಅಷ್ಟೇಯ."