ನಮ್ಮತ್ತೆ ಮಾಡಿದ ಬೋಣಿ

ಯಾರ ಮೇಲಾದರೂ ಅನುಮಾನ ಪಡುವುದರಲ್ಲಿ ಒಂದು ಬಗೆಯ ಸುಖವಿದೆ ಎಂದರೆ ನೀವು ನನ್ನನ್ನು ಕೆಟ್ಟವನು ಎಂದುಕೊಳ್ಳಬಾರದು. ನಷ್ಟವಾಗುತ್ತಿದ್ದು ಕಾರಣ ತಿಳಿಯದಿದ್ದರೆ ಊಟ ಸೇರುವುದಿಲ್ಲ, ನಿದ್ದೆ ಹತ್ತುವುದಿಲ್ಲ. ಅದೇ, 'ಇದೆಲ್ಲ ಇಂಥವನದೇ ಕಿತಾಪತಿ' ಎಂದು ಒಬ್ಬನನ್ನು ಮನಸ್ಸಿನಲ್ಲೇ ಹಿಡಿದು ಕಟ್ಟಿಹಾಕಿಬಿಟ್ಟರೆ ನಷ್ಟ ಹಾಗೆಯೇ ಇದ್ದರೂ ಮುದ್ದೆ ಮಾತ್ರ ಸಲೀಸಾಗಿ ಇಳಿಯುತ್ತದೆ. ಹೋದ ವರ್ಷ ಅವರೆಕಾಯಿ ಕಾಲ ಬರುವ ತನಕ ನಾನು ಹೀಗೆ ಸಲೀಸಾಗಿ ಮುದ್ದೆ ಇಳಿಸಿದವನು. ನಾನು ಕಟ್ಟಿಹಾಕಿದ್ದು ಬೇರೆ ಯಾರನ್ನೂ ಅಲ್ಲ, ನನ್ನ ಷಡ್ಡಕ ರವಿಯನ್ನು; ಅಂದರೆ ನನ್ನ ಹೆಂಡತಿ ಸುಧಾಳ ಬೆನ್ನಿಗೆ ಹುಟ್ಟಿದ ತಂಗಿ ಗೀತಾಳ ಗಂಡನನ್ನು.

ಚಿಕ್ಕಬಳ್ಳಾಪುರದಲ್ಲಿ ನನ್ನದೊಂದು ಪುಟ್ಟ ಅಂಗಡಿ ಇದೆ. ಕಿಟಕಿ ಬಾಗಿಲುಗಳಿಗೆ ಸೊಳ್ಳೆ ಮೆಶ್ ಹಾಕಿಕೊಡುವುದು ಕಸುಬು. ಜನರ ರಕ್ತ ಉಳಿಸುವ ಕೆಲಸ ಎಂದು ನಾನೇ ಆಗಾಗ ಹೇಳಿಕೊಳ್ಳುತ್ತೇನೆ, ಬೇರೆ ಯಾರೂ ಹೇಳುವುದಿಲ್ಲವಾದ್ದರಿಂದ. ರವಿ ನನ್ನ ಬಳಿಯೇ ಕೆಲಸ ಕಲಿತು ಚಿಂತಾಮಣಿಗೆ ಹೋಗಿ ಸ್ವಂತ ಅಂಗಡಿ ಇಟ್ಟ. ಅದರಿಂದ ನನಗೆ ಒಂದಿಷ್ಟೂ ಬೇಸರವಾಗಲಿಲ್ಲ ಎಂದು ನೆಂಟರಿಷ್ಟರಿಗೆಲ್ಲ ಹೇಳಿದ್ದೇನೆ, ಕೇಳದವರಿಗೂ ಹೇಳಿದ್ದೇನೆ. ತೊಂದರೆ ಇದ್ದದ್ದು ಶಿಡ್ಲಘಟ್ಟದ್ದು. ಆ ಊರು ನನ್ನ ಊರಿಗೂ ಅವನ ಊರಿಗೂ ನಟ್ಟನಡುವೆ ಕೂತಿದೆ. ಸುಮ್ಮನೆ ಕೂತಿದ್ದರೆ ಚಿಂತೆಯಿರಲಿಲ್ಲ. ಅಲ್ಲಿ ಮನೆ ಮನೆಯಲ್ಲೂ ರೇಷ್ಮೆ ಹುಳು ಸಾಕುತ್ತಾರೆ, ಹುಳುವಿನ ಮನೆಗೆ ಊಜಿ ನೊಣ ನುಗ್ಗದಂತೆ ಕಿಟಕಿಗೆಲ್ಲ ಜಾಲರಿ ಬೇಕೇ ಬೇಕು. ಸೊಳ್ಳೆ ಕಚ್ಚಿದರೆ ಕೆರೆದುಕೊಂಡು ಸುಮ್ಮನಾಗುವ ಮನುಷ್ಯರು ಹುಳುವಿನ ಮೈಮೇಲೆ ನೊಣ ಕೂತರೆ ಸುಮ್ಮನಿರುವುದಿಲ್ಲ. ಅಂಥ ಊರು ಯಾರ ಪಾಲು ಎಂದು ನಾವಿಬ್ಬರೂ ಬಾಯಿಬಿಟ್ಟು ಎಂದೂ ಮಾತಾಡಿರಲಿಲ್ಲ. ಮಾತಾಡದೆ ಬಿಟ್ಟ ವಿಷಯಗಳೇ ಆಮೇಲೆ ತಲೆ ತಿನ್ನುವುದು.

ಹೀಗಿರುವಾಗ ನಾನು ಫೋನಿನಲ್ಲಿ ಜಾಹೀರಾತು ಕೊಡಲು ಶುರುಮಾಡಿದೆ. ಇಡೀ ಜಿಲ್ಲೆಯಲ್ಲಿ ಯಾರಾದರೂ 'ಸೊಳ್ಳೆ ಮೆಶ್' ಎಂದು ಹುಡುಕಿದರೆ ಎಲ್ಲಕ್ಕಿಂತ ಮೇಲೆ ನನ್ನ ಅಂಗಡಿಯ ಹೆಸರು. ಹೆಸರು ಕಂಡರೆ ಕಾಸಿಲ್ಲ. ಅದನ್ನು ಒತ್ತಿದರೆ ಮಾತ್ರ ನನ್ನ ಲೆಕ್ಕದಿಂದ ಜಾಹೀರಾತು ಕಂಪನಿಗೆ ಕಾಸು ಹೋಗುತ್ತದೆ. ಒತ್ತಿದವನು ಕೊಂಡರೂ ಹೋಗುತ್ತದೆ, ಕೊಳ್ಳದಿದ್ದರೂ ಹೋಗುತ್ತದೆ. ಅಂಗಡಿಯೊಳಗೆ ಇಣುಕಿದವರ ಲೆಕ್ಕಕ್ಕೆಲ್ಲ ನಾವೇ ಸುಂಕ ಕಟ್ಟುವ ಪದ್ಧತಿ. ದಿನಕ್ಕೆ ಇಷ್ಟು ಎಂದು ಮಿತಿ ಹಾಕಿರುತ್ತೇವೆ. ಅದು ಮುಗಿದ ಕೂಡಲೇ ನಮ್ಮ ಹೆಸರು ಮಾಯವಾಗಿ ಮರುದಿನವೇ ಕಾಣುವುದು. ಶುರುವಿನಲ್ಲಿ ನನಗೆ ಎಷ್ಟು ಸಂಭ್ರಮವೆಂದರೆ, ಗೌರಿಬಿದನೂರಿನ ಅತ್ತೆ ಮನೆಗೆ ಹೋದಾಗ ಅತ್ತೆಯವರ ಫೋನಿನಲ್ಲೇ ಹುಡುಕಿ ತೋರಿಸಿದೆ. "ನೋಡಿ ಅತ್ತೆ, ನಮ್ಮಂಗ್ಡಿ ಎಲ್ಲಾರ್ಗಿಂತ ಮೇಲೆ!" ಅವರು ಕನ್ನಡಕ ಹಾಕಿಕೊಂಡು ನೋಡಿ, ಫೋನನ್ನು ಕಣ್ಣಿಗೊತ್ತಿಕೊಂಡರು. ಮುಂದಿನ ವಾರವೇ ರವಿಯೂ ಜಾಹೀರಾತು ಶುರುಮಾಡಿ, ಅವನೂ ಹೋಗಿ ತೋರಿಸಿ ಬಂದನಂತೆ. ಕಾಪಿ ಹೊಡೆಯುವುದು ಅವನ ಹುಟ್ಟುಗುಣ ಎಂದು ಸುಧಾಗೆ ಹೇಳಿ ಬೈಸಿಕೊಂಡೆ.

ಮೊದಲು ಕೆಲವು ದಿನ ಚೆನ್ನಾಗಿ ಫೋನು ಬಂತು. ಆಮೇಲೆ ಶುರುವಾಯಿತು ನೋಡಿ ಗ್ರಹಚಾರ. ನಾನು ಇಡ್ಲಿ ತಿಂದು ಕೈ ತೊಳೆಯುವಷ್ಟರಲ್ಲಿ ಅವತ್ತಿನ ಮಿತಿ ಖಲಾಸ್! ನನ್ನ ಹೆಸರು ಬೆಳಿಗ್ಗೆ ಹುಟ್ಟಿ ಬೆಳಿಗ್ಗೆಯೇ ಸಾಯುತ್ತಿತ್ತು. ಒಬ್ಬ ಗಿರಾಕಿಯಾದರೂ ಫೋನು ಮಾಡಬೇಕೋ ಬೇಡವೋ? ಇಡೀ ದಿನ ಅಂಗಡಿಯಲ್ಲಿ ಕೂತು, ಮೆಶ್ ಸುರುಳಿಗಳ ನಡುವೆ ಹೇಗೋ ನುಗ್ಗಿದ ಸೊಳ್ಳೆಯ ಹಾಡು ಕೇಳುತ್ತಿದ್ದೆ. ಹೀಗೇ ಆದರೆ ಅಂಗಡಿ ಮುಚ್ಚಬೇಕಾದೀತು ಎಂಬ ಭಯ ಮೊದಲ ಬಾರಿ ಹತ್ತಿತು. ಜಾಹೀರಾತು ಕಂಪನಿಗೆ ಫೋನು ಮಾಡಿದರೆ ಒಬ್ಬ ಹುಡುಗಿ ಬಹಳ ಮರ್ಯಾದೆಯಿಂದ ಹೇಳಿದಳು: "ಸರ್, ಇದನ್ನ ಕ್ಲಿಕ್ ಫ್ರಾಡ್ ಅಂತಾರೆ. ಪೈಪೋಟಿ ಮಾಡೋರು ಜನ ಇಟ್ಟು ಒತ್ತಿಸ್ತಾರೆ, ನಿಮ್ಮ ದುಡ್ಡು ಖಾಲಿ ಆಗ್ಲಿ ಅಂತ. ಒಂದೇ ಫೋನಿಂದ ಸುಮ್ಸುಮ್ನೆ ಒತ್ತಿದ್ರೆ ನಾವೇ ಹಿಡೀತೀವಿ. ಇದು ಬೇರೆ ಬೇರೆ ಫೋನು ಸರ್, ದಿನಾ ಬೆಳಿಗ್ಗೆ, ಎಲ್ಲಾ ಗೌರಿಬಿದನೂರಿಂದ. ಚೆನ್ನಾಗಿ ಪ್ಲಾನ್ ಮಾಡಿದಾರೆ. ನಿಮ್ಗೆ ಯಾರ ಮೇಲಾದ್ರೂ ಅನುಮಾನ ಇದ್ಯಾ?"

ಇದೆಯೇ ಎಂದರೆ! ರವಿ ಹುಟ್ಟಿ ಬೆಳೆದದ್ದೇ ಗೌರಿಬಿದನೂರಿನಲ್ಲಿ, ನಮ್ಮತ್ತೆಯ ಮನೆಯಿಂದ ಎರಡು ಬೀದಿ ಆಚೆ. ಅಲ್ಲಿ ಅವನಿಗೆ ಶಟಲ್ ಆಡುವ ಗೆಳೆಯರ ದಂಡೇ ಇದೆ, ದಿನಾ ಬೆಳಿಗ್ಗೆ ಆಡುವವರು. ಅಷ್ಟು ಸಾಕಾಯಿತು. ಅವನು ಹಿಂದೆಂದೋ "ವ್ಯಾಪಾರ ಹೆಂಗಿದೆ ಭಾವ?" ಎಂದು ಕೇಳಿದ್ದು ನೆನಪಾಯಿತು. ಯಾಕೆ ಕೇಳಬೇಕಿತ್ತು? ನಾಮಕರಣವೊಂದರಲ್ಲಿ ನನ್ನನ್ನು ನೋಡಿ ನಕ್ಕಿದ್ದ. ನಗುವಂಥದ್ದು ಏನಿತ್ತು? ಸಾಕ್ಷಿ ಬೇಕೆನಿಸಿ ಅತ್ತೆಯವರಿಗೇ ಫೋನು ಮಾಡಿದೆ. ಹೆಸರು ಹೇಳದೆ, "ಅತ್ತೆ, ನಿಮ್ಮೂರಲ್ಲಿ ಯಾರೋ ದಿನಾ ಬೆಳಿಗ್ಗೆ ನನ್ ವ್ಯಾಪಾರಕ್ಕೆ ಏನೋ ಮಾಡ್ತಾವ್ರೆ, ಸ್ವಲ್ಪ ನೋಡ್ಕೊಂಡಿರಿ" ಎಂದೆ. "ಅಯ್ಯೋ, ದೃಷ್ಟಿ ಆಗಿರ್ಬೇಕು ಬಿಡಿ. ನೀವೇನೂ ಯೋಚ್ನೆ ಮಾಡ್ಬೇಡಿ, ನಾನಿದ್ದೀನಲ್ಲ! ನಾಳೆಯಿಂದ ಇನ್ನೂ ನಾಕು ಜನಕ್ಕೆ ಹೇಳ್ತೀನಿ" ಎಂದರು. ಎಂಥ ತಾಯಿ ಕರುಳು ಎಂದು ನನ್ನ ಕಣ್ಣು ಒದ್ದೆಯಾಯಿತು. ಮರುದಿನದಿಂದ ಮಿತಿ ಇಡ್ಲಿ ಬೇಯುವ ಮುಂಚೆಯೇ ಖಲಾಸಾಗತೊಡಗಿತು.

ನಮ್ಮತ್ತೆ ಕಮಲಮ್ಮನವರ ಬಗ್ಗೆ ಇಲ್ಲಿ ಎರಡು ಮಾತು ಹೇಳಲೇಬೇಕು. ಅವರ ಕೈಗುಣ ಗೌರಿಬಿದನೂರಿನ ಆ ಬೀದಿಗೆಲ್ಲ ಪ್ರಸಿದ್ಧ. ಅವರು ಬೋಣಿ ಮಾಡಿದರೆ ಅವತ್ತಿಡೀ ದಿನ ವ್ಯಾಪಾರ ಜೋರು ಎಂಬುದು ಅಲ್ಲಿನ ವ್ಯಾಪಾರಿಗಳ ನಂಬಿಕೆ. ಸೊಪ್ಪಿನ ಗಾಡಿಯವಳು ಅವರ ಬಾಗಿಲಿಗೆ ಬಂದು ಒಂದು ಕಟ್ಟು ಕೊತ್ತಂಬರಿಯನ್ನಾದರೂ ಮುಟ್ಟಿಸಿಕೊಳ್ಳದೆ ಮುಂದೆ ಹೋಗುವುದಿಲ್ಲ. ಹೊಸದಾಗಿ ಬಳೆ ಅಂಗಡಿ ಇಟ್ಟವರು, ಟೈಲರ್ ಅಂಗಡಿ ಇಟ್ಟವರು, ಎಲ್ಲರೂ ಮೊದಲ ಗಿರಾಕಿಯಾಗಿ ಇವರನ್ನೇ ಕರೆಯುತ್ತಾರೆ. ನನ್ನ ಅಂಗಡಿಗೂ ಇವರದೇ ಬೋಣಿ. ಕಿಟಕಿಯೇ ಇಲ್ಲದ ದೇವರ ಕೋಣೆಗೆ ಒಂದು ಮೆಶ್ ಕೊಂಡುಹೋಗಿದ್ದರು. ನಾನು ನಾಲ್ಕು ಅಕ್ಷರ ಓದಿದವನಾದ್ದರಿಂದ ಇಂಥದ್ದನ್ನೆಲ್ಲ ನಂಬುವುದಿಲ್ಲ. ಅತ್ತೆಯವರ ಮುಂದೆ ಮಾತ್ರ ನಂಬುತ್ತೇನೆ.

ಅವರೆಕಾಯಿ ಕಾಲ ಬಂತೆಂದರೆ ಇಬ್ಬರು ಅಳಿಯಂದಿರಿಗೂ ಅತ್ತೆ ಮನೆಯಲ್ಲಿ ಹಿತುಕಿದ ಬೇಳೆ ಸಾರಿನ ಊಟ. ಈ ಸಲ ಆ ಊಟದ ಎಲೆಯ ಮುಂದೆಯೇ ರವಿಯ ಬಣ್ಣ ಬಯಲು ಮಾಡುತ್ತೇನೆಂದು ನಾನು ತೀರ್ಮಾನಿಸಿದೆ. ಸುಧಾಗೆ ವಿಷಯ ತಿಳಿದು ಅವಳು ಮೊದಲು ಬೈದಳು, ಆಮೇಲೆ ಅತ್ತಳು. "ರೀ, ನೀವು ಒಂದ್ಮಾತು ಅಂದ್ರೆ ಅವ್ರು ಎದ್ದು ಹೋಗ್ತಾರೆ. ಆಮೇಲೆ ಗೀತಾ ನಮ್ಮನೇಗೆ ಬರ್ತಾಳಾ? ನಾನು ಅವ್ಳ ಮನೇಗೆ ಹೋಗಕ್ಕಾಗತ್ತಾ? ಇರೋಳು ಒಬ್ಳು ತಂಗಿ ಕಣ್ರೀ" ಎಂದಳು. ಅಕ್ಕತಂಗಿಯರು ದಿನಾ ಬೆಳಿಗ್ಗೆ ಕಾಫಿ ಕುಡಿಯುತ್ತಾ ಫೋನಿನಲ್ಲಿ ಮಾತಾಡುವವರು. ಒಂದು ದಿನ ತಪ್ಪಿದರೆ ಇಬ್ಬರಿಗೂ ತಲೆನೋವು. ಅದು ನಿಂತುಹೋದರೆ ನಮ್ಮ ಮನೆ ಹೇಗಿರುತ್ತದೆಂದು ನನಗೂ ಗೊತ್ತಿತ್ತು. ಆದರೂ ನ್ಯಾಯ ನ್ಯಾಯವೇ ಎಂದು ಗಂಟು ಮೋರೆ ಹಾಕಿಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಸುಧಾ ಕಿಟಕಿಯ ಕಡೆಗೇ ತಿರುಗಿ ಕೂತಿದ್ದಳು.

ಭಾನುವಾರ ಬೆಳಿಗ್ಗೆ ನಡುಮನೆಯಲ್ಲಿ ನೆನೆಸಿದ ಅವರೆಕಾಳಿನ ದೊಡ್ಡ ಪಾತ್ರೆಯ ಸುತ್ತ ಎಲ್ಲರೂ ಕೂತೆವು. ಕಾಳನ್ನು ಬೆರಳಲ್ಲಿ ಒತ್ತಿ ಸಿಪ್ಪೆಯಿಂದ ಬೇಳೆ ಹಿತುಕುವಾಗ ದೊಡ್ಡವರು ಚಿಕ್ಕವರು, ಗಂಡಸರು ಹೆಂಗಸರು ಎಂಬ ಭೇದ ಆ ಮನೆಯಲ್ಲಿಲ್ಲ. ಅತ್ತೆಯವರ ಭಜನೆ ಮಂಡಳಿಯ ಹೆಂಗಸರೂ ಕೈಜೋಡಿಸಲು ಬಂದಿದ್ದರು. ರವಿ ನನ್ನ ಎದುರಿಗೇ ಕೂತಿದ್ದ. ನಾನು ಅವನ ಮುಖವನ್ನೇ ನೋಡುತ್ತ ಹಿತುಕುತ್ತಿದ್ದೆನಾದ್ದರಿಂದ ನನ್ನ ಬೇಳೆಗಳು ಪಾತ್ರೆಗೆ ಬೀಳದೆ ಒಂದೊಂದಾಗಿ ಅವನ ಅಂಗಿಗೆ ಹಾರುತ್ತಿದ್ದವು. ಅವನೂ ಯಾಕೋ ಬಿಗಿದುಕೊಂಡೇ ಇದ್ದ. ಊಟದ ತನಕ ತಡೆಯಲು ನನ್ನಿಂದಾಗಲಿಲ್ಲ. "ನೋಡು ರವಿ, ನಿನ್ಹತ್ರ ಒಂದ್ಮಾತು ಕೇಳ್ಬೇಕಾಗಿತ್ತು" ಎಂದೆ. "ನಂಗೂ ನಿಮ್ಮನ್ನ ಒಂದು ಕೇಳ್ಬೇಕಾಗಿತ್ತು ಭಾವ" ಎಂದ ಅವನು, ನನಗಿಂತ ಬಿಗಿಯಾಗಿ. ಸುಧಾ ಗೀತಾಳ ಕೈ ಹಿಡಿದುಕೊಂಡಳು. ಪಾತ್ರೆಯ ಸುತ್ತ ಎಲ್ಲರ ಬೆರಳುಗಳೂ ನಿಂತವು.

ಅಷ್ಟರಲ್ಲಿ ಅತ್ತೆಯವರು, "ಅಯ್ಯಯ್ಯೋ! ಅವರೆಕಾಯಿ ಗಲಾಟೇಲಿ ಮರ್ತೇಬಿಟ್ಟೆ, ಅಳಿಯಂದ್ರ ಬೋಣಿ ಇನ್ನೂ ಆಗಿಲ್ವಲ್ಲೇ!" ಎನ್ನುತ್ತ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ದೇವರ ಮುಂದಿನಿಂದ ಫೋನು ತಂದರು. ಕುಂಕುಮದ ಬೊಟ್ಟಿಟ್ಟ ಫೋನು. ಪೂರ್ವಕ್ಕೆ ತಿರುಗಿ ಕೂತು, ಮೆಶ್ ಎಂದು ಹುಡುಕಿ, "ಮೊದ್ಲು ದೊಡ್ಡಳಿಯಂದು" ಎಂದು ನನ್ನ ಅಂಗಡಿಯ ಹೆಸರು ಒತ್ತಿದರು. "ಆಮೇಲೆ ಚಿಕ್ಕಳಿಯಂದು" ಎಂದು ರವಿಯದನ್ನು ಒತ್ತಿದರು. ಭಜನೆ ಮಂಡಳಿಯವರೆಲ್ಲ ಕೂಡಲೇ ತಂತಮ್ಮ ಫೋನು ತೆಗೆದು ಭಕ್ತಿಯಿಂದ ಅದನ್ನೇ ಮಾಡಿದರು. ಪಕ್ಕದ ಮನೆಯ ನಾಗರತ್ನಮ್ಮ ತೆಲುಗಿನಲ್ಲಿ, "ಇಂಕೋಸಾರಿ ನೊಕ್ಕೇದಾ ಕಮಲಮ್ಮಾ?" ಎಂದು ಇನ್ನೊಂದು ಸಲ ಒತ್ತಲು ಅಪ್ಪಣೆ ಬೇಡಿದರು. "ಬೇಡ ಬೇಡ, ಒಂದೇ ಸಾಕು. ಬೋಣಿ ಅಂದ್ರೆ ಒಂದೇ" ಎಂದರು ಅತ್ತೆ. ಆಮೇಲೆ ನನ್ನ ಕಡೆ ತಿರುಗಿ, "ಅಂಗ್ಡಿ ಫೋನಿಗ್ ಬಂದ್ಮೇಲೆ ಬೋಣೀನೂ ಫೋನಲ್ಲೇ ಆಗ್ಬೇಕಲ್ವಾ? ನಿಮ್ಗೊಬ್ರಿಗೇ ಮಾಡಿದ್ರೆ ಗೀತಾ ಬೇಜಾರು ಮಾಡ್ಕೊತಾಳೆ. ಅದಕ್ಕೇ ಇಬ್ರಿಗೂ ಸಮ" ಎಂದರು.

ನಾನು ರವಿಯ ಮುಖ ನೋಡಿದೆ, ರವಿ ನನ್ನ ಮುಖ ನೋಡಿದ. "ಹಂಗಾದ್ರೆ ನನ್ ದುಡ್ಡು ಖಾಲಿ ಮಾಡಿಸ್ತಾ ಇದ್ದಿದ್ದು ನೀವಲ್ವಾ ಭಾವ?" ಎಂದ ಅವನು ಸಣ್ಣ ದನಿಯಲ್ಲಿ. "ಥೂ ನಿನ್ನ! ನಾನು ನೀನು ಅಂದ್ಕೊಂಡಿದ್ನಲ್ಲೋ" ಎಂದೆ. ಅಷ್ಟೇ. ಇಬ್ಬರೂ ಹಿತ್ತಿಲಿಗೆ ಓಡಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು. ಎಷ್ಟು ಹಗುರಾಯಿತು ಎನ್ನುತ್ತೀರಿ! ಎದೆಯ ಮೇಲೆ ಕೂತಿದ್ದ ಚಪ್ಪಡಿಯನ್ನು ಯಾರೋ ಎತ್ತಿಟ್ಟಂತಾಯಿತು. ಆ ಮಾತು ನನ್ನ ಬಾಯಿಂದ ಪೂರ್ತಿ ಹೊರಬಿದ್ದಿದ್ದರೆ ಎಂದು ನೆನೆದರೆ ಈಗಲೂ ಮೈ ಝುಂ ಎನ್ನುತ್ತದೆ. ಆ ಕಂಪನಿಯ ಲೆಕ್ಕದಲ್ಲಿ ಗೌರಿಬಿದನೂರಿನ ಭಜನೆ ಮಂಡಳಿ ಒಂದು ದೊಡ್ಡ ವಂಚಕರ ಜಾಲವೆಂದು ದಾಖಲಾಗಿರಬಹುದು ಎಂದು ರವಿ ಹೇಳಿದ ಮೇಲಂತೂ ನನಗೆ ಬಿಕ್ಕಳಿಕೆಯೇ ಹತ್ತಿತು.

ನಗು ಮುಗಿದ ಮೇಲೆ ನಿಜವಾದ ಕಷ್ಟ ಎದುರಾಯಿತು. ಅತ್ತೆಯವರಿಗೆ ಹೇಳುವವರು ಯಾರು? "ನೀವು ದೊಡ್ಡಳಿಯ, ನೀವೇ ಹೇಳಿ" ಎಂದ ರವಿ. "ನೀನು ಚಿಕ್ಕೋನು, ನೀನಂದ್ರೆ ಅವ್ರಿಗೆ ಮುದ್ದು, ನೀನೇ ಹೇಳಪ್ಪಾ" ಎಂದೆ. ಶಿಡ್ಲಘಟ್ಟವನ್ನು ಬೇಕಾದರೆ ನೀನೇ ಇಟ್ಟುಕೋ ಎನ್ನುವ ತನಕ ಹೋಗಿದ್ದೆ, ಅಷ್ಟರಲ್ಲಿ ನಮ್ಮನ್ನು ಹುಡುಕಿಕೊಂಡು ಬಂದ ಸುಧಾ ಎಲ್ಲ ಕೇಳಿಸಿಕೊಂಡು, ನೇರವಾಗಿ ಒಳಗೆ ಹೋಗಿ, "ಅಮ್ಮಾ, ನೀವು ಒತ್ತಿದಾಗೆಲ್ಲ ಇವ್ರಿಬ್ರ ದುಡ್ಡು ಹೋಗ್ತದಂತೆ ಕಣಮ್ಮ. ಇನ್ಮೇಲೆ ಒತ್ತಬೇಡಿ" ಎಂದುಬಿಟ್ಟಳು. ಅತ್ತೆಯವರು ಫೋನನ್ನು ಮೆಲ್ಲಗೆ ನೆಲದ ಮೇಲಿಟ್ಟು, ಅದರ ಕುಂಕುಮವನ್ನು ಸೆರಗಿನ ತುದಿಯಿಂದ ಒರೆಸಿದರು. ಆ ಕೈಯನ್ನು ಕೆಟ್ಟ ಕೈ ಎಂದು ಈ ತನಕ ಯಾರೂ ಅಂದಿರಲಿಲ್ಲ. ನನಗೆ ಸಂಕಟವಾಯಿತು. ಅಂಗಡಿ ಮುಚ್ಚಿದರೂ ಪರವಾಗಿಲ್ಲ, ಒತ್ತಿಕೊಳ್ಳಿ ಅತ್ತೆ ಎಂದು ಹೇಳಲು ಹೊರಟಿದ್ದೆ. ಅಷ್ಟರಲ್ಲಿ ಅವರೇ ತಲೆಯೆತ್ತಿ, "ಹಂಗಾದ್ರೆ ಬೋಣಿ ಹೆಂಗೆ ಮಾಡೋದು?" ಎಂದು ಕೇಳಿದರು. ಅವರ ಚಿಂತೆ ಅದೊಂದೇ ಆಗಿತ್ತು.

"ಬೋಣಿ ಅಂದ್ರೆ ಮೊದಲನೇ ಗಿರಾಕಿ ಬಂದು ರೇಟು ಕೇಳೋದು ತಾನೇ ಅತ್ತೆ? ದಿನಾ ಬೆಳಿಗ್ಗೆ ನಂಗೆ ಫೋನ್ ಮಾಡಿ ರೇಟು ಕೇಳಿ" ಎಂದೆ. ಅವರಿಗೆ ಅದು ಒಪ್ಪಿಗೆಯಾಯಿತು. ಒಂದು ದಿನ ಮೊದಲು ನನಗೆ, ಇನ್ನೊಂದು ದಿನ ಮೊದಲು ರವಿಗೆ ಎಂದು ಅವರೇ ನ್ಯಾಯ ಹಂಚಿದರು. ಅವತ್ತಿನ ಹಿತುಕಿದ ಬೇಳೆ ಸಾರಿನ ರುಚಿಯನ್ನು ನಾನು ವರ್ಣಿಸಲಾರೆ. ನಾನು ಮತ್ತೆ ಮತ್ತೆ ಬಡಿಸಿಕೊಂಡೆ, ರವಿ ನನ್ನ ಎಲೆಗೆ ತನ್ನ ಕೈಯಾರೆ ತುಪ್ಪ ಹಾಕಿದ. ಸುಧಾ ಮತ್ತು ಗೀತಾ ಅಡುಗೆ ಮನೆಯಲ್ಲಿ ಏನೋ ಹೇಳಿಕೊಂಡು ನಗುತ್ತಿದ್ದರು. ನಮ್ಮಿಬ್ಬರ ಬಗ್ಗೆಯೇ ಇರಬೇಕು, ಇರಲಿ ಬಿಡಿ.

ಅಂದಿನಿಂದ ಜಾಹೀರಾತು ಸಂಜೆಯ ತನಕ ಉಳಿಯುತ್ತಿದೆ, ಗಿರಾಕಿಗಳ ಫೋನೂ ಬರುತ್ತಿದೆ. ಸುಮ್ಮಸುಮ್ಮನೆ ಒತ್ತುವವರಿಲ್ಲ, ಆದ್ದರಿಂದ ಹೆಸರು ಉಳಿಯುತ್ತದೆ, ಉಳಿದದ್ದರಿಂದ ಗಿರಾಕಿ ಬರುತ್ತಾನೆ. ಇದು ಸರಳ ವಿಜ್ಞಾನ. ಅತ್ತೆಯವರು ಮಾತ್ರ ಇದು ರೇಟು ಕೇಳಿದ್ದರ ಫಲ ಎಂದು ಬೀದಿಗೆಲ್ಲ ಹೇಳಿದ್ದಾರೆ. ದಿನಾ ಬೆಳಿಗ್ಗೆ ಅವರ ಫೋನು. "ಏನ್ರೀ, ಕಿಟಕಿ ಮೆಶ್ ಹೆಂಗೆ? ಅಷ್ಟಾ! ಆಚೆ ಅಂಗ್ಡೀಲಿ ಕಮ್ಮಿ ಹೇಳಿದ್ರು." ಆಚೆ ಅಂಗಡಿ ಎಂದರೆ ರವಿಯದು. ನಾನೂ ಅಂಗಡಿಯವನ ಗತ್ತಿನಲ್ಲೇ ಜಗ್ಗಾಡಿ, ಕೊನೆಗೆ ಸೋತು ರೇಟು ಇಳಿಸುತ್ತೇನೆ.

ಮೊನ್ನೆ ಅವರ ಫೋನು ಬರುವುದು ತಡವಾಯಿತು. ಅಂಗಡಿಯ ಬಾಗಿಲು ತೆಗೆದು ಕೂತಿದ್ದೆ, ಹೊಸ ನಂಬರೊಂದು ಹೊಡೆದುಕೊಂಡಿತು. ಗಿರಾಕಿಯೇ. ಕೈ ಫೋನಿನ ತನಕ ಹೋಯಿತು, ಎತ್ತಲಿಲ್ಲ. ಹೊಡೆದು ಹೊಡೆದು ಅದು ಸುಮ್ಮನಾಯಿತು. ತಕ್ಷಣ ಅತ್ತೆಯವರಿಗೆ ಮಾಡಿದೆ, ಬಿಜಿ. ಅವತ್ತು ಮೊದಲ ಸರದಿ ರವಿಯದು ಎಂದು ಆಗ ನೆನಪಾಗಿ, ಮದುವೆ ಮನೆಯಲ್ಲಿ ಮುಂದಿನ ಪಂಕ್ತಿಗೆ ಕಾಯುವವನಂತೆ ಕೂತೆ. ಕೊನೆಗೆ ಅವರೇ ಮಾಡಿದರು, ಜಗ್ಗಾಡಿದರು, ನಾನು ಇಳಿಸಿದೆ, ಬೋಣಿ ಆಯಿತು. ಆಮೇಲೆ ಆ ಹೊಸ ನಂಬರಿಗೆ ಮಾಡಿದೆ. ಶಿಡ್ಲಘಟ್ಟದವರು, ಹೊಸ ಹುಳುವಿನ ಮನೆಗೆಲ್ಲ ಜಾಲರಿ ಬೇಕಂತೆ. "ಏನ್ ಸ್ವಾಮಿ, ಆಗ್ಲಿಂದ ಮಾಡ್ತಾ ಇದೀನಿ, ನೀವೂ ಎತ್ತಲ್ಲ, ಚಿಂತಾಮಣಿಯೋರೂ ಎತ್ತಲ್ಲ, ವ್ಯಾಪಾರ ಬೇಡ್ವಾ?" ಎಂದು ರೇಗಿದರು. "ತಪ್ಪು ತಿಳ್ಕೋಬೇಡಿ ಸಾರ್, ಮೊದಲನೇ ಗಿರಾಕಿ ಇನ್ನೂ ಬಂದಿರ್ಲಿಲ್ಲ" ಎಂದೆ.