ಕಾಸರಕೋಡಿನ ಕಾಗೆ, ಕಾಣದ ಕತ್ತರಿ

"ಎಷ್ಟೇ ಒತ್ತಾಯ ಮಾಡ್ಲಿ, ಚೊಲೋ ಅದೆ ಅಂತ ಹೇಳಿ ಕೂತ್ಬಿಡಿ. ಅದರ ಮೇಲೆ ಒಂದು ಶಬ್ದ ಬ್ಯಾಡ," ಎಂದು ಮಾಲತಿ ಬೆಳಕೆ ಊರಿನಲ್ಲಿ ಬಸ್ಸು ಹತ್ತಿದವಳು ಮಂಕಿಯಲ್ಲಿ ಇಳಿಯುವುದರೊಳಗೆ ಗಂಡನಿಗೆ ನಾಲ್ಕು ಸಾವಿರ ಸಲ ಹೇಳಿದ್ದಳು. ಹತ್ತಿಪ್ಪತ್ತು ಆಚೀಚೆ ಇರಬಹುದು. ಸುಳ್ಳು ಹೇಳಿ ನನಗೇನೂ ಆಗಬೇಕಾದ್ದಿಲ್ಲ.

ಹೇಳುವುದಕ್ಕೆ ಕಾರಣವಿತ್ತು. ಸುಧಾಕರ ಹೊನ್ನಾವರದ ಒಂದು ಖಾಸಗಿ ಕಾಲೇಜಿನಲ್ಲಿ ಒಂಬತ್ತು ವರ್ಷಗಳಿಂದ ಹಂಗಾಮಿ ಉಪನ್ಯಾಸಕ. ಕಿರುಚಿತ್ರಗಳಲ್ಲಿ ಕ್ಯಾಮೆರಾ ಏನು ಮಾಡುತ್ತದೆ, ಶಬ್ದ ಏನು ಮಾಡುತ್ತದೆ, ಎಡಿಟಿಂಗ್ ಹೇಗೆ ಕಣ್ಣು ಕಟ್ಟುತ್ತದೆ ಎಂಬುದು ಅವನ ಪಾಠ. ಕಾಳಿ ನದಿಯಿಂದ ಗಂಗೊಳ್ಳಿಯ ತನಕ ಈ ವಿದ್ಯೆಯಲ್ಲಿ ಅವನಿಗೆ ಸಮಾನರಿಲ್ಲ. ಗಂಗೊಳ್ಳಿಯ ಆಚೆಯೂ ಇಲ್ಲ, ನಾನು ವಿಚಾರಿಸಿದ್ದೇನೆ. ಕಷ್ಟವೆಂದರೆ, ಚಿತ್ರವೊಂದು ಕಣ್ಣಿಗೆ ಬಿದ್ದರೆ ಅದನ್ನು ಮೀನಿನ ಹಾಗೆ ಸೀಳಿ, ಮುಳ್ಳು ಬೇರೆ ಮಾಂಸ ಬೇರೆ ಮಾಡಿ ಹರಡದೆ ಅವನಿಗೆ ಸಮಾಧಾನವಿಲ್ಲ. ತನ್ನದೇ ಮದುವೆಯ ವಿಡಿಯೋ ನೋಡಿ, "ತಾಳಿ ಕಟ್ಟಿದ್ದು ಸರಿಯಾಗಿದೆ, ಕ್ಯಾಮೆರಾ ಮಾತ್ರ ತಪ್ಪು ಬದಿಗಿದೆ" ಎಂದು ಮಾವನ ಎದುರಿಗೇ ಹೇಳಿ, ಮೂರು ವರ್ಷ ಆ ಮನೆಯಲ್ಲಿ ಬರೀ ನೀರು ಕುಡಿದು ಬಂದವ.

ಆ ದಿನ ಮಂಕಿಯಲ್ಲಿ ಕಾಲೇಜಿನ ಸ್ಥಾಪಕ ಮಾಬ್ಲೇಶ್ವರ ನಾಯ್ಕರ ಹನ್ನೆರಡನೇ ದಿನದ ಊಟ. ನಾಯ್ಕರದು ಒಳ್ಳೆಯ ಸಾವಲ್ಲ. ಗಂಟಲಿನ ಹುಣ್ಣು. ಕೊನೆಯ ಆರು ತಿಂಗಳು ಮೂಗಿನ ನಳಿಕೆಯಲ್ಲಿ ಇಳಿದ ಗಂಜಿ ಬಿಟ್ಟರೆ ಬೇರೇನಿಲ್ಲ. ಊಟಕ್ಕೆ ಕೂತರೆ ಎಲೆಯನ್ನೂ ಬಿಡುತ್ತಿರಲಿಲ್ಲ ಎನ್ನಬಹುದಾದ ಮನುಷ್ಯ, ಹಸಿದು ಹಸಿದೇ ಹೋದರು. ಹಾಗಾಗಿ ಹತ್ತನೇ ದಿನ ಹೊನ್ನಾವರದ ಪಕ್ಕದ ಕಾಸರಕೋಡಿನ ಕಡಲ ದಂಡೆಯಲ್ಲಿ ಇಟ್ಟ ಎಡೆಯನ್ನು ಕಾಗೆ ಮುಟ್ಟಿತೋ ಇಲ್ಲವೋ ಎಂದು ಇಡೀ ಬಳಗವೇ ಉಸಿರು ಬಿಗಿಹಿಡಿದಿತ್ತು. ಕಾಗೆ ಮುಟ್ಟಿದರೆ ಹೋದವರು ಉಂಡರು ಎಂದು ಅರ್ಥ. ಮುಟ್ಟಿದೆ ಎಂದು ಮಗ ಮೋಹನ ಹೇಳಿದ ಮೇಲೆಯೇ ಎಲ್ಲರ ಜೀವ ಜಾಗಕ್ಕೆ ಬಂದದ್ದು.

ನಾಯ್ಕರ ನಂತರ ಕಾಲೇಜಿನ ಯಜಮಾನಿಕೆ ತಂಗಿ ಮಂಗಲಾ ಅತ್ತೆಗೆ ಬಂದಿತ್ತು. ಎಂಬತ್ತೆರಡು ವರ್ಷ. ಸೊಂಟ ಮುರಿದು ಕುಮಟೆಯ ಮನೆಯಲ್ಲಿ ಮಲಗಿದ್ದರು. ಮಲಗಿದಲ್ಲಿಂದಲೇ ಹೊನ್ನಾವರದ ಕಾಲೇಜಿನ ಗೇಟನ್ನು ತೆಗೆಸಿ ಮುಚ್ಚಿಸುವಂಥ ಹೆಂಗಸು. ಹಂಗಾಮಿಯವರ ಮರುನೇಮಕದ ಆದೇಶಕ್ಕೆಲ್ಲ ಸಹಿ ಬಿದ್ದಿತ್ತು. ಸುಧಾಕರನದೊಂದು ಮಾತ್ರ ಅವರ ತಲೆದಿಂಬಿನ ಅಡಿ ಉಳಿದಿತ್ತು. "ಅಂವ ಜಾಸ್ತಿ ಮಾತಾಡ್ತ. ಸಹಿ ಆಮೇಲೆ, ಕಾಂಬ" ಎಂದಿದ್ದರಂತೆ.

ಎಲೆ ಹಾಕುವ ಮೊದಲು ಚಪ್ಪರದ ಟಿವಿಯಲ್ಲಿ ಎಂಟು ನಿಮಿಷದ ಕಿರುಚಿತ್ರ. ನಾಯ್ಕರ ನೆನಪಿಗೆ ಮೊಮ್ಮಗಳು ದೀಕ್ಷಾ ಮಾಡಿದ್ದು. ಮೋಹನನ ಮಗಳು, ಸುಧಾಕರನದೇ ಹಳೆಯ ವಿದ್ಯಾರ್ಥಿನಿ, ಎಂ.ಎ. ಮುಗಿಸಿ ಎರಡು ವರ್ಷದಿಂದ ಕೆಲಸ ಹುಡುಕುತ್ತಿದ್ದಳು. ಟಿವಿಯ ಎದುರು ಒಂದು ತಂಬಿಗೆ, ತಂಬಿಗೆಗೆ ಒರಗಿಸಿಟ್ಟ ಮೋಹನನ ಫೋನು, ಫೋನಿನೊಳಗೆ ವಿಡಿಯೋ ಕಾಲ್‌ನಲ್ಲಿ ಕುಮಟೆಯ ಮಂಗಲಾ ಅತ್ತೆ. ಹಿಂದೆ ಐದು ಸಾವಿರ ಜನ. ಚಪ್ಪರ ಇನ್ನೂರು ಜನರದ್ದು ಎಂದು ಕೆಲವರು ವಾದಿಸುತ್ತಾರೆ, ಅವರಿಗೆ ಎಣಿಸಲು ಬರುವುದಿಲ್ಲ.

ಚಿತ್ರ ಮುಗಿಯಿತು. ಕೊನೆಯಲ್ಲಿ ಕಡಲು, ಬಾಳೆಲೆ, ಅನ್ನ, ಹಾರಿ ಬಂದ ಕಾಗೆ, ಒಂದು ಕುಕ್ಕು. ಹೆಂಗಸರೆಲ್ಲ ಸೆರಗಿನಲ್ಲಿ ಕಣ್ಣೊತ್ತಿಕೊಂಡರು. ಪಕ್ಕದ ಮನೆಯ ಗಣಪಜ್ಜಿ, ಊರಿನವರ ಬಾಯಲ್ಲಿ ಗಣಪಿ, ತನ್ನ ಸೆರಗು ಸಾಲದೆ ಮಾಲತಿಯ ಸೆರಗನ್ನೂ ತೆಗೆದುಕೊಂಡಳು.

"ಮಾಸ್ತರ್ರೇ, ನಿಮ್ಮ ಶಿಷ್ಯೆ ಮಾಡಿದ್ದು. ನೀವು ಎರಡು ಮಾತು ಹೇಳ್ಬೇಕು," ಎಂದ ಮೋಹನ.

ಸುಧಾಕರ ಎದ್ದ. "ಚೊಲೋ ಅದೆ," ಎಂದ. ಕೂತ. ಮಾಲತಿ ದೇವರಿಗೆ ಕೈ ಮುಗಿದಳು.

"ಅಷ್ಟೇಯಾ? ಎಂತದು ಚೊಲೋ ಅದೆ ಅಂತ ಬಿಡ್ಸಿ ಹೇಳೂಕೆ ಬತ್ತಿಲ್ವ ಮಾಸ್ತರಂಗೆ?" ಎಂದಳು ಗಣಪಿ. ಅಲ್ಲಿಗೆ ಮುಗಿಯಿತು. ಒಂಬತ್ತು ವರ್ಷ ಪಾಠ ಮಾಡಿದವನಿಗೆ ಹಾಗೆ ಕೇಳುವುದೂ ಒಂದೇ, ಹಸಿದ ಹುಲಿಗೆ ಕರು ತೋರಿಸುವುದೂ ಒಂದೇ.

ಹತ್ತನೇ ದಿನ ಅವನಿಗೆ ಪರೀಕ್ಷಾ ಕರ್ತವ್ಯ. ದಂಡೆಯಲ್ಲಿ ನಡೆದದ್ದು ತಿಳಿಯದು. ಅದು ಕಿರುಚಿತ್ರ, ಕಿರುಚಿತ್ರದಲ್ಲಿ ಎಲ್ಲವೂ ಮಾಡಿದ್ದೇ, ಅದು ಎಲ್ಲರಿಗೂ ಗೊತ್ತೇ ಇರುತ್ತದೆ ಎಂದು ನಂಬಿದ್ದ. ಮತ್ತೆ ಎದ್ದ. ಮನಸಾರೆ ಹೊಗಳಿದ.

"ಕೊನೆಯ ದೃಶ್ಯ ನೋಡಿ. ಎಲೆಯ ನೆರಳು ಕಡಲ ಕಡೆ ಬಿದ್ದಿದೆ, ಅಂದರೆ ಬೆಳಿಗ್ಗೆ. ಕಾಗೆಯ ನೆರಳು ಊರ ಕಡೆ ಬಿದ್ದಿದೆ, ಅಂದರೆ ಸಂಜೆ. ಬೆಳಗಿನ ಎಲೆಗೆ ಸಂಜೆಯ ಕಾಗೆ! ಎಂಥ ಧೈರ್ಯ! ಇನ್ನು ಶಬ್ದ. ಆ ಕಾ ಕಾ ಹಿಂದೆ ಕಿವಿಗೊಟ್ಟು ಕೇಳಿ, ಕಂಡಕ್ಟರು ಭಟ್ಕಳ ಭಟ್ಕಳ ಅಂತ ಕೂಗ್ತಾ ಇದ್ದಾನೆ. ಕಡಲ ದಂಡೆಯಲ್ಲಿ ಬಸ್‌ಸ್ಟ್ಯಾಂಡ್ ಎಲ್ಲಿಂದ ಬಂತು? ಹೊನ್ನಾವರದಲ್ಲಿ ರೆಕಾರ್ಡ್ ಮಾಡಿ ಇಲ್ಲಿ ಕೂಡಿಸಿದ್ದಾಳೆ. ಕಾಗೆಯ ಕೊಕ್ಕಿನಲ್ಲಿ ಮಿನುಗಿದ್ದು ಅನ್ನವಲ್ಲ, ತಾರ್ಲೆ ಮೀನಿನ ಬಾಲ. ಅದು ನಮಗೆ ಗೊತ್ತಾಗುವ ಮೊದಲೇ ಕಟ್! ಎಲೆಗೂ ಕಾಗೆಗೂ ಸಂಬಂಧವೇ ಇಲ್ಲ, ಆದರೂ ನೀವೆಲ್ಲ ಅತ್ತಿರಿ. ಇದು ಎಡಿಟಿಂಗ್! ಇನ್ನೂ ಪಳಗಿದರೆ ಈ ಜೋಡಣೆಯೂ ಕಾಣುವುದಿಲ್ಲ. ಕತ್ತರಿ ಎಷ್ಟು ಕಾಣುವುದಿಲ್ಲವೋ ಅಷ್ಟು ದೊಡ್ಡ ಕೈಚಳಕ ಅಂತ ತಿಳಿಯಿರಿ."

ಚಪ್ಪಾಳೆಗೆ ಕಾದ. ಅಡುಗೆಯವನ ಸೌಟು ಕೆಳಗೆ ಬಿದ್ದ ಸದ್ದು ಗೋವೆಯ ತನಕ ಕೇಳಿಸಿತು. ದೀಕ್ಷಾ ತಲೆ ತಗ್ಗಿಸಿದ್ದಳು. ಮೋಹನನ ಮುಖ ಮೂರು ದಿನದ ಬಂಗಡೆ ಮೀನಿನ ಬಣ್ಣಕ್ಕೆ ತಿರುಗಿತ್ತು.

ತಂಬಿಗೆಯ ಬುಡದಿಂದ ಸಣ್ಣ ದನಿ ಬಂತು. "ಮೋಹನಾ... ಹಂಗಾರೆ ನನ್ನ ಅಣ್ಣ ಇನ್ನೂ ಹಸ್ಕಂಡೇ ಇದ್ನನಾ?"

"ಮೂರು ತಾಸು ಕಾದೆ ಅತ್ತೆ," ಎಂದ ಮೋಹನ, ನೆಲ ನೋಡುತ್ತ. "ಒಂದೂ ಬರ್ಲಿಲ್ಲ. ಎಲೆ ಕಡ್ಲಿಗೆ ಹೋತು. ನಿಮ್ಮ ಜೀವಕ್ಕೆ ಸಮಾಧಾನ ಆಗ್ಲಿ ಅಂತ ದೀಕ್ಷಾ..."

"ಸಾಕು. ಅಂವ ಉಣ್ದೆ ಅಲ್ಲಿ ಯಾರೂ ಎಲೆ ಮುಟ್ಟೂಕಿಲ್ಲ. ಈಗ್ಲೇ ಹೋಗಿ ಮತ್ತೆ ಎಡೆ ಇಡಿ. ಆ ಮಾಸ್ತರನೇ ವಿಡಿಯೋ ತೆಗೀಲಿ, ಎಲೆ ಇಟ್ಟಲ್ಲಿಂದ ಕೊನೀವರೆಗೆ, ಎಲ್ಲೂ ಕತ್ತರಿ ಹಾಕ್ದೆ. ಕಾಗೆ ತಿಂದದ್ದು ಖರೆ ಅಂತ ನನಗೆ ಅನ್ಸಿದ್ರೆ ಅವನ ಕಾಗ್ದಕ್ಕೆ ಇವತ್ತೇ ಸಹಿ. ಇಲ್ಲಾಂದ್ರೆ ಜೂನ್‌ಗೆ ಬೇರೆ ಮಾಸ್ತರು."

ಒಂಬತ್ತು ವರ್ಷದ ಅನ್ನ ಒಂದು ಕಾಗೆಯ ಕೊಕ್ಕಿನ ತುದಿಗೆ ಹೋಗಿ ಕೂತಿತು.

ಕಾಸರಕೋಡಿನ ಕಾಗೆಗಳ ವಿಷಯ ತಿಳಿಯದವರಿಗೆ ಒಂದು ಮಾತು. ಅಲ್ಲಿ ದಂಡೆಯ ಉದ್ದಕ್ಕೂ ಮೀನು ಒಣಗಿಸುತ್ತಾರೆ. ಅಲ್ಲಿನ ಕಾಗೆಗಳು ಬೆಳಿಗ್ಗೆ ಬಂಗಡೆ, ಮಧ್ಯಾಹ್ನ ಸಿಗಡಿ, ಸಂಜೆ ತಾರ್ಲೆ ತಿಂದು ಕೋಳಿಯಷ್ಟು ದಪ್ಪ ಬೆಳೆದಿವೆ. ಒಂದೆರಡಕ್ಕೆ ಹಾರುವಾಗ ದಮ್ಮು ಹತ್ತುವುದನ್ನು ನಾನೇ ನೋಡಿದ್ದೇನೆ. ಬರೀ ಅನ್ನ ಕಂಡರೆ ಮುಖ ತಿರುಗಿಸುತ್ತವೆ. ಆದರೆ ನಾಯ್ಕರು ಮೊದಲ ದೋಣಿ ನೀರಿಗಿಳಿಸಿದ್ದು ಅಲ್ಲಿಂದಲೇ. ತನ್ನ ಎಡೆ ಅಲ್ಲಿಯೇ ಇಡಬೇಕೆಂದು ಬರೆದಿಟ್ಟು ಹೋಗಿದ್ದರು.

ಎರಡು ಗಂಟೆಯ ಬಿಸಿಲು. ದಂಡೆಯಲ್ಲಿ ನೆಟ್‌ವರ್ಕ್ ಇಲ್ಲದ್ದರಿಂದ ಅತ್ತೆಗೆ ನೇರ ತೋರಿಸುವಂತಿಲ್ಲ. ಸುಧಾಕರ ಫೋನು ಎರಡು ಕೈಯಲ್ಲಿ ಹಿಡಿದು ಕಡಲಿಗೆ ಬೆನ್ನು ಮಾಡಿ ಮೊಣಕಾಲೂರಿದ. ಮೋಹನ ಎಲೆ ಇಟ್ಟ. ರೆಕಾರ್ಡಿಂಗ್ ಶುರು. ಬ್ಯಾಟರಿ ಶೇಕಡಾ ಹತ್ತೊಂಬತ್ತು.

ಹತ್ತು ನಿಮಿಷ. ಕಾಗೆಗಳು ದೋಣಿಯ ಅಂಚಿನಲ್ಲಿ ಸಾಲಾಗಿ, ಸಿನಿಮಾ ನೋಡಲು ಬಂದವರಂತೆ ಕೂತವು. ಒಂದೂ ಇಳಿಯಲಿಲ್ಲ.

"ಏನಾದ್ರೂ ಆಸೆ ಉಳ್ದದೆ. ಮಾತು ಕೊಡಿ, ಬಾಯ್ಬಿಟ್ಟು ಕೊಡಿ," ಎಂದಳು ಗಣಪಿ. ಅವಳಿಲ್ಲದೆ ಮಂಕಿಯಲ್ಲಿ ಯಾರೂ ಹುಟ್ಟಿಯೂ ಇಲ್ಲ, ಸತ್ತೂ ಇಲ್ಲ.

"ಅಪ್ಪಾ, ನಿನ್ನ ಹೆಸರಲ್ಲಿ ಕಾಲೇಜಿಗೆ ಲೈಬ್ರರಿ ಕಟ್ಸ್ತೆ," ಎಂದ ಮೋಹನ. ಕಾಗೆ ಅಲ್ಲಾಡಲಿಲ್ಲ. ನಾಯ್ಕರು ಜೀವಮಾನದಲ್ಲಿ ಪುಸ್ತಕ ಮುಟ್ಟಿದವರಲ್ಲ.

"ಅಜ್ಜಾ, ನಾನು ಇನ್ನು ಸುಳ್ಳು ಚಿತ್ರ ಮಾಡೂದಿಲ್ಲ," ಎಂದಳು ದೀಕ್ಷಾ, ಅಳುತ್ತ. ಒಂದು ಕಾಗೆ ಹಿಕ್ಕೆ ಹಾಕಿತು.

"ಆಸ್ಪತ್ರೇಲಿ ನನ್ನ ಹತ್ರ ತಾರ್ಲೆ ಕೇಳಿದ್ರು," ಎಂದಳು ಗಣಪಿ. "ಮಾತು ಬತ್ತಿರ್ಲಿಲ್ಲ. ಕೈಯಲ್ಲಿ ಮೀನಿನ ಹಂಗೆ ಮಾಡಿ ತೋರ್ಸಿದ್ರು. ನಾನು ನಗ್ಯಾಡಿ ಬಂದೆ." ಓಡಿ ಹೋಗಿ ಒಣಹಾಕಿದ ರಾಶಿಯಿಂದ ಒಂದು ತಾರ್ಲೆ ತಂದು ಅನ್ನದ ಮೇಲಿಟ್ಟಳು. ತಾರ್ಲೆಯ ಬೆಟ್ಟವನ್ನೇ ಕಾಲಡಿಯಲ್ಲಿಟ್ಟುಕೊಂಡ ಕಾಗೆಗಳಿಗೆ ಅದೊಂದು ಲೆಕ್ಕವೇ?

ಮೂವತ್ತೆಂಟನೇ ನಿಮಿಷ. ತೆರೆ ಸುಧಾಕರನ ಸೊಂಟಕ್ಕೆ ಬಡಿಯುತ್ತಿತ್ತು. ಕೈ ನಡುಗದಿರಲೆಂದು ಮಾಲತಿ ಅವನ ಮೊಣಕೈಗಳನ್ನು ತನ್ನ ಸೆರಗಿನಿಂದ ಹುಟ್ಟುಗೋಲಿಗೆ ಕಟ್ಟಿದ್ದಳು. ಬ್ಯಾಟರಿ ನಾಲ್ಕು.

"ನೀವೂ ಕೊಡಿ ಮಾತು," ಎಂದಳು ಮಾಲತಿ. "ಅವ್ರ ಹೊಟ್ಟೆ ಮೇಲೆ ಕಲ್ಲು ಹಾಕಿದ್ದು ನೀವೇ."

ಸುಧಾಕರ ಕಣ್ಣು ಮುಚ್ಚಿದ. "ಮಾಬ್ಲೇಶ್ವರಣ್ಣ, ಬಂದು ಉಣ್ಣು. ಇವತ್ತಿನಿಂದ ಕ್ಯಾಮೆರಾ, ಶಬ್ದ, ಎಡಿಟಿಂಗ್ ಅಂತ ನಾನು ಯಾವ ಚಿತ್ರವನ್ನೂ ಬಿಡಿಸಿ ಹೇಳುವುದಿಲ್ಲ. ಕ್ಲಾಸಲ್ಲಿ ಬೇಕಾದರೆ ಪುಸ್ತಕ ಓದಿ ಹೇಳ್ತೇನೆ. ಚೊಲೋ ಅದೆ ಅನ್ನೋದು ಬಿಟ್ಟು ಬೇರೆ ಮಾತಾಡಿದರೆ ನೀನು ಮತ್ತೆ ಹಸಿದ ಹಾಗೆ."

ದೋಣಿಯ ತುದಿಯಿಂದ ಒಂದು ಕುಂಟ ಕಾಗೆ ಇಳಿಯಿತು. ಕುಪ್ಪಳಿಸಿತು. ಎಲೆಯ ಅಂಚಿನಲ್ಲಿ ನಿಂತು ಗಂಟಲು ನೀವಿಕೊಂಡ ಹಾಗೆ ಕತ್ತು ಹೊರಳಿಸಿತು. ಮೀನು ಬದಿಗೆ ಸರಿಸಿ ಅನ್ನ ತಿಂದಿತು, ಆಮೇಲೆ ಮೀನು ತಿಂದಿತು, ಆಮೇಲೆ ಎಲೆಯ ತುದಿಯನ್ನೂ ಹರಿದು ತಿಂದಿತು. ಗಣಪಿ "ಅಣ್ಣಾ!" ಎಂದು ಮರಳಿನಲ್ಲಿ ಕುಸಿದಳು. ಮೋಹನ ಮಗುವಿನ ಹಾಗೆ ಅತ್ತ. ಸುಧಾಕರ ಮಾತ್ರ ಅಲುಗಲಿಲ್ಲ. ನಲವತ್ತೆರಡು ನಿಮಿಷ, ಒಂದೇ ಶಾಟ್. ಎಲೆಯ ನೆರಳೂ ಊರ ಕಡೆ, ಕಾಗೆಯ ನೆರಳೂ ಊರ ಕಡೆ. ಜಗತ್ತಿನಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ಚಿತ್ರ ಇದುವರೆಗೆ ಯಾರೂ ತೆಗೆದಿಲ್ಲ, ನಾನು ಬರೆದು ಕೊಡುತ್ತೇನೆ.

ಮಂಕಿಗೆ ಮರಳಿದಾಗ ನಾಲ್ಕೂವರೆ. ಟಿವಿಗೆ ಹಾಕಿದರು. ತಂಬಿಗೆ, ಫೋನು, ಅತ್ತೆ. ಬೆಳಗಿನಿಂದ ನೀರು ಬಿಟ್ಟು ಏನೂ ಕಾಣದ ಐದು ಸಾವಿರ ಜನ ಬಾಳೆಲೆಯ ಮೇಲಿನ ಅನ್ನವನ್ನು ಮೂವತ್ತೆಂಟು ನಿಮಿಷ ಎವೆಯಿಕ್ಕದೆ ನೋಡಿದರು. ಕಾಗೆಗಿಂತ ಮೊದಲು ತಾವೇ ಟಿವಿಗೆ ಕೈ ಹಾಕಿಯಾರೆಂದು ಮೋಹನ ಅಡ್ಡ ನಿಂತಿದ್ದ.

ಕಾಗೆ ಬಂತು, ತಿಂದಿತು, ಹಾರಿತು.

ಆ ದಿನ ಮೊದಲ ಬಾರಿ ಸುಧಾಕರನಿಗೆ ಹಸಿವಾಯಿತು.

"ಎಲ್ಲೂ ಕತ್ತರಿ ಕಾಣೂದಿಲ್ಲ," ಎಂದರು ಅತ್ತೆ.

"ಇಲ್ಲ ಅಮ್ಮಾ," ಎಂದ ಸುಧಾಕರ, ಹೆಮ್ಮೆಯಿಂದ.

"ಒಂದು ಕಡೇನೂ ಇಲ್ಲ. ನೆರಳೂ ಸರಿ, ಸದ್ದೂ ಸರಿ. ಕತ್ತರಿ ಎಷ್ಟು ಕಾಣೂದಿಲ್ವೋ ಅಷ್ಟು ದೊಡ್ಡ ಕೈಚಳಕ ಅಂತ ಮಧ್ಯಾಹ್ನ ನೀನೇ ಅಲ್ದನಾ ಹೇಳಿದ್ದು? ದೀಕ್ಷಾ ಪಾಪ, ಎಳೆ ಹುಡುಗಿ. ಅವ್ಳದ್ರಲ್ಲಿ ನೆರಳು ಆಚೆ ಈಚೆ, ನಡೂಗೆ ಬಸ್ಸಿನವ. ಮೋಸ ಮಾಡೂಕೆ ಕೂತವ್ರು ಅಂಥಾ ತಪ್ಪು ಬಿಡ್ತ್ರ? ಖರೆ ಲೋಕ ಅಂದ್ರೆ ಹಂಗೇ ಇರ್ತು, ಓರೆಕೋರೆ. ನೀನು ಕೂತ್ಕಂಡು ನುಣ್ಣಗೆ ಹೊಲ್ದು ತಂದೆ. ಕುಂಟ ಕಾಗೆ ಬ್ಯಾರೆ! ನನ್ನ ಸೊಂಟ ಮುರ್ದದೆ ಅಂತ ನನ್ನ ಮನ್ಸು ಕರಗ್ಸೂಕಾ?"

"ಅತ್ತೆ, ಖರೇನೇ ಬಂತು, ನಾವೆಲ್ಲ ಕಂಡ್ವಿ," ಎಂದ ಮೋಹನ.

"ಮೊದ್ಲನೇದೂ ನೀನೇ ಕಂಡಿದ್ದೆ, ಮಾಸ್ತರ ಬಾಯಿ ಬಿಟ್ಟಕೂಡ್ಲೆ ಹೆದ್ರಿ ಕಾಣ್ಲಿಲ್ಲ ಅಂದೆ. ಹಸಿವಾದ್ರೆ ನೀನು ಎಂತ ಬೇಕಾರೂ ಕಾಣ್ತೆ. ಮಾಸ್ತರ ಹೇಳ್ಲಿ, ಇದು ಎಂತಕೆ ಖರೆ ಅಂತ. ಬಿಡ್ಸಿ ಬಿಡ್ಸಿ ಹೇಳ್ಲಿ, ಕೇಳ್ತೆ."

ಸುಧಾಕರ ಎದ್ದ. ಬ್ಯಾಟರಿ, ತೆರೆಯ ಲಯ, ನೆರಳು ನಲವತ್ತೆರಡು ನಿಮಿಷದಲ್ಲಿ ಒಂದು ಗೇಣು ಸರಿದದ್ದು, ಎಲ್ಲ ನಾಲಗೆಯ ತುದಿಗೆ ಬಂದು ನಿಂತಿತ್ತು. ಬಾಯಿ ತೆರೆದ. ಗಣಪಿ ಹಾರಿ ಬಂದು ಎರಡೂ ಕೈಯಿಂದ ಅವನ ಬಾಯಿ ಮುಚ್ಚಿದಳು.

"ಮಾತು ಕೊಟ್ಟೀರಿ ಮಾಸ್ತರ್ರೇ! ನೀವು ಬಿಡ್ಸಿ ಹೇಳಿದ್ರೆ ಅಂವ ಮತ್ತೆ ಹಸೀತ! ಈಗಷ್ಟೇ ಉಂಡಾನೆ!"

ಐದು ಸಾವಿರ ಜನರೂ ಅವನನ್ನೇ ನೋಡಿದರು. ಮಾಲತಿ ತಲೆಯಾಡಿಸಿದಳು, ಬೇಡ ಎಂದು. ಸುಧಾಕರ ಗಣಪಿಯ ಕೈ ಮೆಲ್ಲನೆ ಸರಿಸಿ, ಟಿವಿಯತ್ತ ಬೆರಳು ತೋರಿಸಿ ಹೇಳಿದ:

"ಚೊಲೋ ಅದೆ."

"ಕಂಡ್ರಾ? ಉತ್ರ ಇಲ್ಲ," ಎಂದರು ಅತ್ತೆ. "ಆತು. ನನ್ನ ಅಣ್ಣ ಹತ್ತನೇ ದಿನವೇ ಉಂಡಾನೆ, ದೀಕ್ಷಾ ತೆಗ್ದದ್ದೇ ಖರೆ. ಜೂನ್‌ನಿಂದ ಆ ಪಾಠ ಅವ್ಳೇ ಮಾಡ್ಲಿ. ಎಲೆ ಹಾಕಿ, ಪಾಪ, ಜನ ಹಸ್ದದೆ."

ಎಲೆ ಬಿದ್ದವು. ಸುಧಾಕರನಿಗೆ ಜಾಗ ಸಿಕ್ಕಿದ್ದು ಕೊನೆಯ ಪಂಕ್ತಿಯಲ್ಲಿ, ಕೈ ತೊಳೆಯುವ ನೀರು ಹರಿಯುವ ಕಡೆ. ಅಷ್ಟು ಹೊತ್ತಿಗೆ ಪಾಯಸ ಮುಗಿದಿತ್ತು. ಅನ್ನ ಕಲಸಿ ಮೊದಲ ತುತ್ತು ಎತ್ತುವಾಗ ದೀಕ್ಷಾ ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಳು. ಅವಳ ಕಣ್ಣು ಇನ್ನೂ ಕೆಂಪಗಿತ್ತು.

"ಸರ್, ತಪ್ಪು ತಿಳೀಬೇಡಿ. ನನಗೆ ಅರ್ಧ ಮರ್ತು ಹೋಗದೆ. ಕ್ಯಾಮೆರಾ, ಶಬ್ದ, ಎಡಿಟಿಂಗ್ ಮೇಲೆ ನೀವು ಒಂಬತ್ತು ವರ್ಷ ಬರೆದ ನೋಟ್ಸ್ ಇದ್ಯಲ್ಲ, ಅದು ನನಗೆ ಕೊಡ್ತ್ರಾ?"

ಸುಧಾಕರ ತುತ್ತು ಎಲೆಗೆ ಇಳಿಸಿದ. ಚಪ್ಪರದ ಗಳದ ಮೇಲೆ ಒಂದು ಕಾಗೆ ಕತ್ತು ಓರೆ ಮಾಡಿ ಅವನ ಬಾಯಿಯನ್ನೇ ನೋಡುತ್ತಿತ್ತು.

"ಚೊಲೋ ಅದೆ," ಎಂದ.